25 ಅಂಕಿಗಳ ತನಕ ನಡೆದು 26ರಲ್ಲಿ ನಿಂತುಹೋಗುವ ಸಂಖ್ಯೆ

ಲೆಕ್ಕದ ಮೇಷ್ಟ್ರು (ಹಾಸನ)

ರಾಮಾನುಜನ್ನರ 1729, ಕಾಪ್ರೇಕರರ 6174 ಇವುಗಳ ಬಗ್ಗೆ ನಮ್ಮ ಈ ಚರ್ಚಾಕಟ್ಟೆಯಲ್ಲಿ ಬೇಕಾದಷ್ಟು ಬರೆದಾಗಿದೆ. ಅವುಗಳಿಗೆ ಸಿಕ್ಕ ಪ್ರಚಾರ ಸಾಕು. ಈ ಬಾರಿ ಸ್ವಲ್ಪ ದೊಡ್ಡದನ್ನು ಹಿಡಿಯೋಣ. ಕಾಗದ ತೆಗೆದುಕೊಂಡು ಬರೆದುಕೊಳ್ಳಿ, ಒಂದು ಅಂಕಿಯೂ ಆಚೀಚೆ ಆಗಬಾರದು:

3608528850368400786036725

ಒಟ್ಟು 25 ಅಂಕಿಗಳು. ಎಡಗಡೆಯಿಂದ ಮೊದಲ ಎರಡನ್ನು ಓದಿದರೆ 36, ಅದು 2ರಿಂದ ಭಾಗವಾಗುತ್ತದೆ. ಮೊದಲ ಮೂರು 360, ಅದು 3ರಿಂದ. 3608 ನಾಲ್ಕರಿಂದ, 36085 ಐದರಿಂದ. 360852ನ್ನು 6ರಿಂದ ಭಾಗಿಸಿದರೆ 60142, 3608528ನ್ನು 7ರಿಂದ ಭಾಗಿಸಿದರೆ 515504. ಎಲ್ಲಿಯೂ ಶೇಷವಿಲ್ಲ. ಹೀಗೆಯೇ ಮೊದಲ ಎಂಟು ಅಂಕಿ 8ರಿಂದ, ಒಂಬತ್ತು ಅಂಕಿ 9ರಿಂದ ಎಂದು ಮುಂದುವರಿಯುತ್ತ, ಕೊನೆಗೆ ಇಡೀ ಸಂಖ್ಯೆ 25ರಿಂದ ಭಾಗವಾಗುತ್ತದೆ.

ಇಂಥವನ್ನು ಬಹುಭಾಜ್ಯ ಸಂಖ್ಯೆ ಎನ್ನಬಹುದು. 25 ಅಂಕಿಗಳ ಬಹುಭಾಜ್ಯ ಸಂಖ್ಯೆ ಇದೊಂದೇ. 26 ಅಂಕಿಗಳದ್ದು ಒಂದೂ ಇಲ್ಲ, ಅದಕ್ಕಿಂತ ಉದ್ದದ್ದೂ ಇಲ್ಲ. ಏಕೆ ಎಂಬುದು ಪ್ರಶ್ನೆ. ಕಂಪ್ಯೂಟರಿಗೆ ಹಾಕಿ ನೋಡಿದೆ, ಬರಲಿಲ್ಲ ಎಂಬುದು ನನಗೆ ಉತ್ತರವಲ್ಲ.

ಕಾಫಿ ಕಣ (ಮೂಡಿಗೆರೆ)

ಮೊದಲು ಇದನ್ನು ಓದುವುದು ಹೇಗೆಂದು ಹೇಳಿ. ಕೋಟಿ ದಾಟಿದ ಮೇಲೆ ನನ್ನ ಬಾಯಿ ಓಡುವುದಿಲ್ಲ. ಆಮೇಲೆ ಇದರಿಂದ ಏನು ಪ್ರಯೋಜನ ಎಂದು ಕೇಳುತ್ತೇನೆ.

ಶಿಲಾಬಾಲಿಕೆ (ಬೇಲೂರು)

ಕೋಟಿಯನ್ನೇ ಬಳಸಿದರೆ ಹೀಗೆ: 3608 ಕೋಟಿ ಕೋಟಿ ಕೋಟಿ, 5288503 ಕೋಟಿ ಕೋಟಿ, 6840078 ಕೋಟಿ, ಅದರ ಮೇಲೆ 6036725. ಓದಿದವರಿಗೂ ಕೇಳಿದವರಿಗೂ ಏನೂ ಹತ್ತುವುದಿಲ್ಲ, ಒಪ್ಪುತ್ತೇನೆ.

ಇದಕ್ಕಿಂತ ಚೆಂದದ ದಾರಿಯೊಂದಿದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ, ಅಂದರೆ 9ನೆಯ ಶತಮಾನದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಏಕದಿಂದ ಹಿಡಿದು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಶತಕೋಟಿಯ ನಂತರ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಮಹಾಕ್ಷೋಭ ಎಂದರೆ 1ರ ಮುಂದೆ 23 ಸೊನ್ನೆ. ಪಟ್ಟಿ ಅಲ್ಲಿಗೆ ಮುಗಿಯುತ್ತದೆ.

ಮೇಷ್ಟ್ರ ಸಂಖ್ಯೆಗೆ 25 ಸ್ಥಾನ ಬೇಕು. ಮಹಾವೀರನ ಹೆಸರುಗಳು ಒಂದು ಸ್ಥಾನ ಮೊದಲೇ ತೀರಿಹೋಗುತ್ತವೆ! ಆದ್ದರಿಂದ ಮೊದಲ ಎರಡು ಅಂಕಿಗಳನ್ನು ಸೇರಿಸಿಯೇ ಓದಬೇಕು: ಮೂವತ್ತಾರು ಮಹಾಕ್ಷೋಭ, ಕ್ಷೋಭ ಸೊನ್ನೆ, ಎಂಟು ಮಹಾಕ್ಷಿತಿ, ಐದು ಕ್ಷಿತಿ, ಎರಡು ಮಹಾಶಂಖ, ಎಂಟು ಶಂಖ... ಉಳಿದದ್ದನ್ನು ನೀವು ಮುಗಿಸಿ.

ಕಾಫಿ ಕಣ (ಮೂಡಿಗೆರೆ)

ಮೂವತ್ತಾರು ಮಹಾಕ್ಷೋಭ. ಇದು ಬಾಯಿಗೆ ಹಿಡಿಸಿತು. ಈಗ ಪ್ರಯೋಜನ?

ತೆಂಗಿನಗರಿ (ಅರಸೀಕೆರೆ)

ಪ್ರಯೋಜನ ಆಮೇಲೆ ನೋಡೋಣ, ಮೊದಲು ಸಂಖ್ಯೆ ಸರಿಯಿದೆಯೇ ನೋಡಿ. ನಾನು ಕಚೇರಿಯ ಕಂಪ್ಯೂಟರ್‌ನಲ್ಲಿ ಲೆಕ್ಕದ ಕೋಷ್ಟಕ ತೆರೆದು ಒಂದೊಂದೇ ಹೆಜ್ಜೆ ಪರೀಕ್ಷಿಸಿದೆ. 16ರ ತನಕ ಎಲ್ಲವೂ ಸರಿ. 17ನೆಯ ಹೆಜ್ಜೆಯಲ್ಲಿ 10 ಶೇಷ ಉಳಿಯುತ್ತದೆ. ಮೇಷ್ಟ್ರು ಎಲ್ಲಿಂದಲೋ ನಕಲು ಮಾಡುವಾಗ ತಪ್ಪಿರಬೇಕು.

ಹೇಮಾವತಿ ದಂಡೆ (ಸಕಲೇಶಪುರ)

ತಪ್ಪಿರುವುದು ಕೋಷ್ಟಕ. ಅಂಥ ತಂತ್ರಾಂಶಗಳು ಸಾಮಾನ್ಯವಾಗಿ ಒಂದು ಸಂಖ್ಯೆಯ ಮೊದಲ 15 ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಮುಂದಿನದನ್ನೆಲ್ಲ ಸೊನ್ನೆ ಮಾಡಿಬಿಡುತ್ತವೆ. ನೀವು ಹಾಕಿದ 17 ಅಂಕಿಗಳ ಸಂಖ್ಯೆ 36085288503684007. ಕೋಶದ ಮೇಲೆ ಮತ್ತೆ ಒತ್ತಿ ನೋಡಿ, ಕೊನೆಯ 7 ಹಾರಿಹೋಗಿ 36085288503684000 ಎಂದಾಗಿರುತ್ತದೆ. 16ನೆಯ ಅಂಕಿ ಹೇಗೂ ಸೊನ್ನೆಯೇ ಆಗಿದ್ದರಿಂದ ಅಲ್ಲಿ ನಿಮಗೆ ವ್ಯತ್ಯಾಸ ತಿಳಿಯಲಿಲ್ಲ. 7 ಕಡಿಮೆಯಾದರೆ 17ರಿಂದ ಭಾಗಿಸಿದಾಗ ಶೇಷ 10 ಬರಲೇಬೇಕು, ಏಕೆಂದರೆ 10 ಮತ್ತು 7 ಸೇರಿದರೆ 17. ನಿಮ್ಮ ಶೇಷವೇ ಮೇಷ್ಟ್ರ ಸಂಖ್ಯೆ ಸರಿ ಎಂದು ಸಾಕ್ಷಿ ಹೇಳುತ್ತಿದೆ.

ಇದಕ್ಕೆ ಯಂತ್ರವೇ ಬೇಡ. ಇಡೀ ಸಂಖ್ಯೆಯನ್ನು ಹೊತ್ತು ತಿರುಗುವ ಅಗತ್ಯವಿಲ್ಲ, ಶೇಷವನ್ನು ಮಾತ್ರ ಹಿಡಿದುಕೊಂಡರೆ ಸಾಕು. ಶೇಷವನ್ನು ಹತ್ತರಿಂದ ಗುಣಿಸಿ, ಮುಂದಿನ ಅಂಕಿಯನ್ನು ಸೇರಿಸಿ, ಮತ್ತೆ 17ರಿಂದ ಭಾಗಿಸಿ. ಮೊದಲು 3. ಆಮೇಲೆ 36, ಶೇಷ 2. ಆಮೇಲೆ 20, ಶೇಷ 3. 38, ಶೇಷ 4. 45, ಶೇಷ 11. 112, ಶೇಷ 10. 108, ಶೇಷ 6. 68, ಶೇಷ 0. ಹೀಗೆ ಹೋಗುತ್ತ 16ನೆಯ ಅಂಕಿ ಮುಗಿದಾಗ ಕೈಯಲ್ಲಿ 1 ಉಳಿಯುತ್ತದೆ. ಅದರ ಹತ್ತರಷ್ಟು 10, ಅದಕ್ಕೆ 7 ಸೇರಿದರೆ 17. ಬಸ್ಸಿನಲ್ಲಿ ಕುಳಿತು ಬೆರಳಲ್ಲಿ ಮಾಡಬಹುದಾದ ಲೆಕ್ಕ.

ತೆಂಗಿನಗರಿ (ಅರಸೀಕೆರೆ)

ಕೋಶ ನೋಡಿದೆ. ಕೊನೆಯಲ್ಲಿ ಸೊನ್ನೆಗಳೇ ಇವೆ. ಇಷ್ಟು ದುಬಾರಿ ತಂತ್ರಾಂಶ ನನಗೆ ಒಂದು ಮಾತೂ ಹೇಳದೆ ಅಂಕಿಗಳನ್ನು ನುಂಗುತ್ತದೆ ಎಂದರೆ ಏನು ಹೇಳುವುದು.

ಪುಸ್ತಕದ ಹುಳು (ಚಿಕ್ಕಮಗಳೂರು)

ಉದ್ದದ ಖಾತೆ ಸಂಖ್ಯೆಗಳನ್ನು ಅಂಥ ಕೋಷ್ಟಕದಲ್ಲಿ ಅಕ್ಷರವೆಂದು ಗುರುತು ಮಾಡಿ ಹಾಕಬೇಕು ಎಂದು ಹೇಳುವುದು ಇದೇ ಕಾರಣಕ್ಕೆ. ಗ್ರಂಥಾಲಯದಲ್ಲಿ ಕೆಲಸ ಮಾಡುವವರೆಲ್ಲ ಒಮ್ಮೆಯಾದರೂ ಈ ಪೆಟ್ಟು ತಿಂದವರೇ.

ಲೆಕ್ಕದ ಮೇಷ್ಟ್ರು (ಹಾಸನ)

ಸಂಖ್ಯೆ ನಿರ್ದೋಷಿ ಎಂದಾಯಿತು. ಈಗ ಯಾರಾದರೂ 26ರ ಬಾಗಿಲು ತಟ್ಟಿ.

ಹೇಮಾವತಿ ದಂಡೆ (ಸಕಲೇಶಪುರ)

ಅದೇ ಉಪಾಯ ಸಾಕು. ನಮಗೆ ಬೇಕಾದದ್ದು ಇಡೀ ಸಂಖ್ಯೆಯ ಮುಂದೆ ಒಂದು ಸೊನ್ನೆ ಹಚ್ಚಿದಾಗ 26ರಿಂದ ಬರುವ ಶೇಷ.

26 ಎಂದರೆ 2 ಗುಣಿಸು 13. ಮೊದಲ 13 ಅಂಕಿಗಳು, 3608528850368, ಹೇಗೂ 13ರಿಂದ ಭಾಗವಾಗುತ್ತವೆ (ಭಾಗಲಬ್ಧ 277579142336). ಆದ್ದರಿಂದ ಉಳಿದ 12 ಅಂಕಿಗಳನ್ನು ಮಾತ್ರ ನೋಡಿದರೆ ಸಾಕು: 400786036725. 1001 ಎಂಬುದು 7, 11, 13 ಮೂರರ ಗುಣಲಬ್ಧ. ಹಾಗಾಗಿ ಮೂರು ಮೂರು ಅಂಕಿಗಳ ತುಂಡು ಮಾಡಿ ಬಲದಿಂದ ಕೂಡಿಸುತ್ತ ಕಳೆಯುತ್ತ ಬಂದರೆ 13ರ ಶೇಷ ಸಿಗುತ್ತದೆ. 725ರಲ್ಲಿ 36 ಕಳೆದು, 786 ಕೂಡಿಸಿ, 400 ಕಳೆದರೆ 1075. ಅದರಲ್ಲಿ 13ರ 82 ಪಾಲು ಎಂದರೆ 1066 ಹೋಗಿ 9 ಉಳಿಯುತ್ತದೆ. ಸೊನ್ನೆ ಹಚ್ಚಿದರೆ 90, ಶೇಷ 12. ಸೊನ್ನೆಯಲ್ಲಿ ಕೊನೆಗೊಳ್ಳುವ ಸಂಖ್ಯೆ ಸಮ, 12 ಕೂಡ ಸಮ, ಹಾಗಾಗಿ 26ರ ಶೇಷವೂ 12ರಲ್ಲೇ ನಿಲ್ಲುತ್ತದೆ.

12ರಿಂದ 26 ತಲುಪಲು 14 ಬೇಕು. ನಮ್ಮಲ್ಲಿರುವ ಅಂಕಿಗಳು 0ರಿಂದ 9ರ ತನಕ. 14 ಎಂಬ ಅಂಕಿಯೇ ಇಲ್ಲ.

ಕಾಫಿ ಕಣ (ಮೂಡಿಗೆರೆ)

ಐದು ಕಡಿಮೆ ಬಿತ್ತು ಅನ್ನಿ.

ಪುಸ್ತಕದ ಹುಳು (ಚಿಕ್ಕಮಗಳೂರು)

ಈ ಫಜೀತಿ ನನಗೆ ಚೆನ್ನಾಗಿ ಗೊತ್ತು. ಹಳೆಯ ಪುಸ್ತಕಗಳ ಬೆನ್ನಿನ ಮೇಲೆ ಐಎಸ್‌ಬಿಎನ್ ಎಂದು 10 ಅಂಕಿಗಳ ಸಂಖ್ಯೆ ಇರುತ್ತಿತ್ತಲ್ಲ, ಅದರ ಕೊನೆಯ ಸ್ಥಾನ ತಪಾಸಣೆಗೆ ಮೀಸಲು. ಮೊದಲ ಅಂಕಿಯನ್ನು 10ರಿಂದ, ಎರಡನೆಯದನ್ನು 9ರಿಂದ, ಹೀಗೆ ಇಳಿಯುತ್ತ ಬಂದು ಕೊನೆಯದನ್ನು 1ರಿಂದ ಗುಣಿಸಿ ಎಲ್ಲವನ್ನೂ ಕೂಡಿಸಿದರೆ ಮೊತ್ತ 11ರಿಂದ ಭಾಗವಾಗಬೇಕು. ಹಾಗೆ ಆಗುವಂತೆ ಕೊನೆಯ ಅಂಕಿಯನ್ನು ಆರಿಸುತ್ತಾರೆ. ಆದರೆ ಕೆಲವು ಪುಸ್ತಕಗಳಿಗೆ ಬೇಕಾಗುವ ಅಂಕಿ 10 ಆಗಿಬಿಡುತ್ತದೆ! ಒಂದೇ ಸ್ಥಾನದಲ್ಲಿ 10 ಬರೆಯುವುದು ಹೇಗೆ? ಅಲ್ಲಿ ರೋಮನ್ನರ ಹತ್ತು, ಎಕ್ಸ್ ಅಕ್ಷರವನ್ನು ಹಾಕಿದರು. ಕೊನೆಯಲ್ಲಿ ಎಕ್ಸ್ ಇರುವ ಪುಸ್ತಕಗಳು ಇಂದಿಗೂ ಕಪಾಟುಗಳಲ್ಲಿ ಸಿಗುತ್ತವೆ. ಓದುಗರು ಅದನ್ನು ಮುದ್ರಣದೋಷ ಎಂದುಕೊಳ್ಳುತ್ತಾರೆ. 2007ರ ಜನವರಿಯಿಂದ 13 ಅಂಕಿಗಳ ಪದ್ಧತಿ ಬಂದು, ಲೆಕ್ಕ 11ರಿಂದ 10ಕ್ಕೆ ಬದಲಾಗಿ, ಎಕ್ಸ್ ಮಾಯವಾಯಿತು.

ಕಾಫಿ ಕಣರಿಗೆ ಪ್ರಯೋಜನ ಬೇಕಿತ್ತಲ್ಲ, ಇದೇ. ಮುಂದಿನ ಅಂಕಿ ಯಾವುದಾದರೆ ಶೇಷ ಹೋಗುತ್ತದೆ ಎಂಬ ಪ್ರಶ್ನೆ ಆಟದಂತೆ ಕಂಡರೂ ಸಂಖ್ಯೆ ತಪ್ಪಾಗಿ ಬರೆದವರನ್ನು ಹಿಡಿಯುವುದು ಅದರಿಂದಲೇ. ನಿಮ್ಮ ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ತಪಾಸಣೆಯ ಅಂಕಿಯೇ. ಆದರೆ ಅಲ್ಲಿ ಬಳಸುವುದು ಭಾಗಾಕಾರವಲ್ಲ, ವೆರ್ಹೂಫ್ ಎಂಬ ಡಚ್ ಗಣಿತಜ್ಞನ ವಿಧಾನ. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಅದು ಹಿಡಿಯುತ್ತದೆ.

ಕಾಫಿ ಕಣ (ಮೂಡಿಗೆರೆ)

ಇಷ್ಟು ಸಾಕು, ಇನ್ನು ಆ ಪ್ರಶ್ನೆ ಕೇಳುವುದಿಲ್ಲ. ಆದರೆ ಮೇಷ್ಟ್ರ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಈ ಒಂದು ಸಂಖ್ಯೆಗೆ 26ನೆಯ ಅಂಕಿ ಸಿಗಲಿಲ್ಲ, ಸರಿ. ಬೇರೊಂದು ಸಂಖ್ಯೆ, ಬೇರೆ ದಾರಿಯಲ್ಲಿ ಬಂದು 26ನ್ನು ದಾಟಬಾರದೇಕೆ?

ಲೆಕ್ಕದ ಮೇಷ್ಟ್ರು (ಹಾಸನ)

26 ದಾಟುವ ಯಾವ ಸಂಖ್ಯೆಯೇ ಆಗಲಿ, ಅದರ ಮೊದಲ 25 ಅಂಕಿಗಳು ತಾವೇ ಬಹುಭಾಜ್ಯವಾಗಿರಬೇಕು. 25 ಅಂಕಿಗಳದ್ದು ಒಂದೇ ಇರುವುದು. ಅದಕ್ಕೆ ದಾರಿ ಮುಚ್ಚಿತು, ಆದ್ದರಿಂದ ಎಲ್ಲಕ್ಕೂ ಮುಚ್ಚಿತು. ನಿಜವಾದ ಪ್ರಶ್ನೆ, 25ರಲ್ಲಿ ಒಂದೇ ಏಕೆ ಉಳಿಯಿತು?

ಹೇಮಾವತಿ ದಂಡೆ (ಸಕಲೇಶಪುರ)

ಇದಕ್ಕೆ ನನ್ನ ಬಳಿ ಲೆಕ್ಕವಿದೆ, ಸ್ವಲ್ಪ ಉದ್ದ.

ಒಂದು ಅಂಕಿಯ ಸಂಖ್ಯೆಗಳು 9. ಪ್ರತಿಯೊಂದರ ಮುಂದೆ ಸಮ ಅಂಕಿ ಹಚ್ಚಬಹುದು, ಅಂದರೆ ಐದು ಆಯ್ಕೆ. ಎರಡು ಅಂಕಿಗಳವು 45. ಮೂರನೆಯ ಹೆಜ್ಜೆಯಲ್ಲಿ ಮೂರೋ ನಾಲ್ಕೋ ಆಯ್ಕೆ ಸಿಕ್ಕಿ 150 ಆಗುತ್ತವೆ. ಆಮೇಲೆ 375, 750, 1200, 1713, 2227, 2492. ಇದು ಒಂಬತ್ತು ಅಂಕಿಗಳ ತನಕದ ಏರಿಕೆ. ಹತ್ತನೆಯ ಹೆಜ್ಜೆಯಲ್ಲಿ ಎಲ್ಲರಿಗೂ ಒಂದೇ ಆಯ್ಕೆ, ಸೊನ್ನೆ. ಹಾಗಾಗಿ ಹತ್ತು ಅಂಕಿಗಳವೂ ಸರಿಯಾಗಿ 2492.

ಅಲ್ಲಿಂದ ಇಳಿಜಾರು. 11ರಿಂದ ಭಾಗಿಸುವಾಗ ಶೇಷ ನೀಗಿಸಲು 0ರಿಂದ 10ರ ತನಕ ಏನು ಬೇಕಾದರೂ ಬೇಕಾಗಬಹುದು, ನಮ್ಮ ಬಳಿ ಇರುವುದು ಹತ್ತೇ ಅಂಕಿ. ಕೆಲವು ಸಂಖ್ಯೆಗಳು ಅಲ್ಲಿಯೇ ಸಾಯುತ್ತವೆ. 20ರ ಹೆಜ್ಜೆಗೆ ಬರುವಾಗ 20 ಸಾಧ್ಯತೆಗಳಿಗೆ ಹತ್ತು ಅಂಕಿ, ಎಂದರೆ ಸ್ಥೂಲವಾಗಿ ಅರ್ಧಕ್ಕರ್ಧ ಉದುರಬೇಕು. ನಿಜವಾಗಿ ಆಗುವುದೂ ಹೆಚ್ಚುಕಡಿಮೆ ಹಾಗೆಯೇ: 11 ಅಂಕಿಗಳವು 2225, ನಂತರ 2041, 1575, 1132, 770, 571, 335, 180, 90, 44, 18, 12, 6, 3, 1. ಎಲ್ಲ ಸೇರಿ ಒಟ್ಟು 20456. ಜಗತ್ತಿನ ಬಹುಭಾಜ್ಯ ಸಂಖ್ಯೆಗಳೆಲ್ಲ ಇಷ್ಟೇ!

ಇದನ್ನು ಒಂದೇ ಸೂತ್ರದಲ್ಲಿ ಹಿಡಿಯಬಹುದು. ಪ್ರತಿ ಹೆಜ್ಜೆಯಲ್ಲೂ ಸಂಖ್ಯೆಗಳ ಎಣಿಕೆ ಸರಾಸರಿ ಹತ್ತರಷ್ಟಾಗಿ, ಹೆಜ್ಜೆಯ ಅಂಕೆಯಿಂದ ಭಾಗವಾಗುತ್ತದೆ. ಆದ್ದರಿಂದ ಹತ್ತು ಅಂಕಿಗಳಿಗೆ ಅಂದಾಜು: 9ರ ಮುಂದೆ 9 ಸೊನ್ನೆ, ಅದನ್ನು 1ರಿಂದ 10ರ ತನಕದ ಗುಣಲಬ್ಧ 3628800ರಿಂದ ಭಾಗಿಸಿ. ಸುಮಾರು 2480. ನಿಜವಾದ ಎಣಿಕೆ 2492. ಇಷ್ಟು ಹತ್ತಿರ ಬರುತ್ತದೆ ಎಂದು ನಾನು ನಿರೀಕ್ಷಿಸಿರಲಿಲ್ಲ.

ಅದೇ ಸೂತ್ರ 25 ಅಂಕಿಗಳಿಗೆ ಕೊಡುವುದು ಸುಮಾರು 0.58. ಅಂದರೆ ಒಂದು ಇದ್ದರೂ ಇರಬಹುದು, ಇಲ್ಲದಿದ್ದರೂ ಇರಬಹುದು. 26ಕ್ಕೆ 0.22. ಇಂಥ ಸಂಖ್ಯೆ ಎಂದೋ ಒಂದು ದಿನ ನಿಲ್ಲಲೇಬೇಕು, ಅದು ನಿಯಮ. 24ರಲ್ಲಿ ನಿಲ್ಲದೆ 25ರ ತನಕ ಬಂದದ್ದು ಮಾತ್ರ ಅದೃಷ್ಟ.

ಕಾಫಿ ಕಣ (ಮೂಡಿಗೆರೆ)

ಈಗ ನನಗೆ ಅರ್ಥವಾಯಿತು. ನಮ್ಮ ಕಡೆ ಕ್ಯೂರಿಂಗ್ ಘಟಕದಲ್ಲಿ ಕಾಫಿ ಬೀಜ ಒಂದರ ಕೆಳಗೊಂದು ಜರಡಿಗಳನ್ನು ದಾಟುತ್ತ ಹೋಗುತ್ತದೆ, ಪ್ರತಿ ಜರಡಿಯ ಕಣ್ಣು ಹಿಂದಿನದಕ್ಕಿಂತ ಕಿರಿದು. ಮೂಟೆಗಟ್ಟಲೆ ಸುರಿದರೂ ಕೊನೆಯ ಜರಡಿ ದಾಟುವುದು ಬೊಗಸೆಯಷ್ಟು. ಆ ಬೊಗಸೆಯಲ್ಲಿ ಏನೋ ಮಹಿಮೆ ಇದೆ ಎಂದು ಯಾರೂ ಹೇಳುವುದಿಲ್ಲ.

ಶಿಲಾಬಾಲಿಕೆ (ಬೇಲೂರು)

ಮಹಿಮೆ ಇಲ್ಲ ಎನ್ನಲು ನನಗೆ ಮನಸ್ಸಿಲ್ಲ. ಅಂಕಿಗಳ ಚೆಲುವನ್ನು ಚೆಲುವೆಂದೇ ನೋಡಿದವರು ನಮ್ಮ ನಾಡಿನಲ್ಲಿದ್ದರು. ಮೇಲೆ ಹೇಳಿದ ಮಹಾವೀರಾಚಾರ್ಯನೇ ಗುಣಾಕಾರದ ಉದಾಹರಣೆಗಳಲ್ಲಿ ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಕಾಣುವ ಗುಣಲಬ್ಧಗಳನ್ನು ಕೊಡುತ್ತಾನೆ. 139ನ್ನು 109ರಿಂದ ಗುಣಿಸಿ: 15151. 152207ನ್ನು 73ರಿಂದ ಗುಣಿಸಿ: ಎಂಟು ಒಂದುಗಳು ಸಾಲಾಗಿ, 11111111. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು 27994681 ಗುಣಿಸು 441. ಉತ್ತರ 12345654321.

ಕೈಯಿಂದಲೇ ಮಾಡಿ ನೋಡಿ. 400ರ ಪಾಲು 11197872400, 41ರ ಪಾಲು 1147781921. ಎರಡನ್ನೂ ಒಂದರ ಕೆಳಗೊಂದು ಬರೆದು ಕೂಡಿಸುವಾಗ ಅಡ್ಡಾದಿಡ್ಡಿ ಅಂಕಿಗಳಿಂದ ಹಾರ ಹೊರಬರುವುದು ಬಲಗಡೆಯಿಂದ ಒಂದೊಂದಾಗಿ ಕಾಣುತ್ತದೆ: 1, 2, 3, 4, 5, 6, ಮತ್ತೆ 5. ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಮನುಷ್ಯ ಇದಕ್ಕಾಗಿ 27994681ನ್ನು ಹುಡುಕಿಕೊಂಡು ಹೋಗಿದ್ದಾನೆ. ಯಾವ ವ್ಯಾಪಾರಕ್ಕೂ ಈ ಲೆಕ್ಕ ಬೇಕಿರಲಿಲ್ಲ.

ವ್ಯಾಪಾರದ ಲೆಕ್ಕವೇ ಬೇಕೆನ್ನುವವರಿಗೆ 12ನೆಯ ಶತಮಾನದ ರಾಜಾದಿತ್ಯ ಇದ್ದಾನೆ. ಕನ್ನಡದಲ್ಲೇ ವ್ಯವಹಾರಗಣಿತ ಬರೆದವನು. ನಮ್ಮ ಚೆನ್ನಕೇಶವ ಗುಡಿ 1117ರದ್ದು, ಅದೂ ಅದೇ ಶತಮಾನ. ಆ ಗುಡಿಗೆ ವರ್ಷವಿಡೀ ಪ್ರವಾಸಿಗರು ಬರುತ್ತಾರೆ, ರಾಜಾದಿತ್ಯನ ಹೆಸರು ಹೇಳಿದರೆ ಊರಿನವರೇ ಯಾರು ಎನ್ನುತ್ತಾರೆ.

ಗೊಮ್ಮಟಗಿರಿ ನೆರಳು (ಚನ್ನರಾಯಪಟ್ಟಣ)

ಮಹಾಕ್ಷೋಭಕ್ಕೇ ಇಷ್ಟು ಬೆರಗಾದರೆ ಹೇಗೆ? ಜೈನರಲ್ಲಿ ಶೀರ್ಷಪ್ರಹೇಲಿಕಾ ಎಂಬ ಕಾಲಮಾನವಿದೆ. 84 ಲಕ್ಷವನ್ನು 28 ಬಾರಿ ತನ್ನಿಂದ ತಾನೇ ಗುಣಿಸಿದ್ದು. 54 ಅಂಕಿ, ಅದರ ಮುಂದೆ 140 ಸೊನ್ನೆ, ಒಟ್ಟು 194 ಸ್ಥಾನ. ನಮ್ಮ ಶ್ರವಣಬೆಳಗೊಳದ ಬೆಟ್ಟದ ಮೇಲೆ ಕುಳಿತವರು ಎಣಿಸಿದ್ದು ಇಂಥದ್ದನ್ನು.

ಶಿಲಾಬಾಲಿಕೆ (ಬೇಲೂರು)

ಸಂಖ್ಯೆ ಸರಿ, ಬೆಟ್ಟ ಸರಿಯಿಲ್ಲ. ಆ 194 ಸ್ಥಾನಗಳ ಲೆಕ್ಕ ಶ್ವೇತಾಂಬರ ಆಗಮಗಳ ಪರಂಪರೆಯದು, ಬೆಳಗೊಳ ದಿಗಂಬರರದು. ಊರಿನ ಅಭಿಮಾನ ಇರಲಿ, ಆದರೆ ಎಲ್ಲವನ್ನೂ ಬೆಟ್ಟಕ್ಕೆ ಹತ್ತಿಸಬೇಡಿ. ಅಲ್ಲದೆ 84 ಲಕ್ಷದ ಘಾತದಲ್ಲಿ ದೊಡ್ಡತನವಿದೆ, ಕುತೂಹಲವಿಲ್ಲ. ಸೊನ್ನೆ ಸೇರಿಸುತ್ತ ಹೋದರೆ ಯಾರು ಬೇಕಾದರೂ ದೊಡ್ಡ ಸಂಖ್ಯೆ ಬರೆಯಬಹುದು.

ಮುಂಗಾರು ಮೋಡ (ಕೊಪ್ಪ)

26 ಅಂಕಿಗಳು ಎಂದಾಗ ನೆನಪಾಯಿತು. ಬೆಂಗಳೂರಿನ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಕೊಟ್ಟರು. ಆ ಉತ್ತರ 18947668177995426462773730. ಎಣಿಸಿ, ಸರಿಯಾಗಿ 26 ಅಂಕಿ. ಅದನ್ನೂ ಮೇಷ್ಟ್ರ ಪರೀಕ್ಷೆಗೆ ಕೂರಿಸಬಹುದಲ್ಲ?

ಲೆಕ್ಕದ ಮೇಷ್ಟ್ರು (ಹಾಸನ)

ಕೂರಿಸಿದೆ. 18 ಪಾಸು, 189 ಪಾಸು, 1894 ನಾಲ್ಕರಲ್ಲೇ ಫೇಲು.

ತೆಂಗಿನಗರಿ (ಅರಸೀಕೆರೆ)

ನನ್ನದೊಂದು ತಕರಾರು. ಇದೆಲ್ಲ ನಮಗೆ ಹತ್ತು ಬೆರಳು ಇರುವುದರಿಂದ ಹುಟ್ಟಿದ ಚೋದ್ಯ. ಸಂಖ್ಯೆಯ ಗುಣವಲ್ಲ, ಅದನ್ನು ಬರೆಯುವ ರೀತಿಯ ಗುಣ. 36 ಮಹಾಕ್ಷೋಭ ಕಾಫಿ ಬೀಜಗಳ ರಾಶಿ ಹಾಕಿದರೆ ಆ ರಾಶಿಗೆ ತನ್ನ ಮೊದಲ ಏಳು ಅಂಕಿ ಯಾವುವು ಎಂದು ಗೊತ್ತೇ? ಅವಿಭಾಜ್ಯ ಸಂಖ್ಯೆ ಹಾಗಲ್ಲ. 13 ಹಣ್ಣುಗಳನ್ನು ಸಮ ಸಾಲುಗಳಲ್ಲಿ ಜೋಡಿಸಲು ಯಾವ ಭಾಷೆಯವನಿಂದಲೂ ಆಗುವುದಿಲ್ಲ.

ಹೇಮಾವತಿ ದಂಡೆ (ಸಕಲೇಶಪುರ)

ತಕರಾರು ನ್ಯಾಯವಾದದ್ದೇ. ಪದ್ಧತಿ ಬದಲಾದರೆ ಸಂಖ್ಯೆ ಬದಲಾಗುತ್ತದೆ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಆಟ ಎರಡೇ ಅಂಕಿಗೆ ಮುಗಿಯುತ್ತದೆ: 10, ಅಂದರೆ ನಮ್ಮ ಎರಡು. ಮುಂದೆ 100 ಬರೆದರೆ ನಾಲ್ಕು, 101 ಬರೆದರೆ ಐದು, ಎರಡೂ 3ರಿಂದ ಭಾಗವಾಗುವುದಿಲ್ಲ. 0, 1, 2 ಮೂರೇ ಅಂಕಿಗಳಿರುವ ಪದ್ಧತಿಯಲ್ಲಿ ಆರು ಅಂಕಿಗಳ ತನಕ ಹೋಗಬಹುದು, ಅಲ್ಲಿಗೆ ತಲುಪುವವು ಎರಡು: 110020 ಮತ್ತು 200220. ನಮ್ಮ ಲೆಕ್ಕದಲ್ಲಿ 330 ಮತ್ತು 510. ಇಡೀ ವಂಶವೃಕ್ಷವನ್ನು ಅರ್ಧ ಹಾಳೆಯಲ್ಲಿ ಬರೆದು ಮುಗಿಸಬಹುದು, ಮಕ್ಕಳಿಗೆ ಕೊಡಲು ಒಳ್ಳೆಯ ಮನೆಪಾಠ.

ಆದರೆ ಪದ್ಧತಿ ಯಾವುದೇ ಇರಲಿ, ಎಲ್ಲಿಯೋ ಒಂದು ಕಡೆ ನಿಲ್ಲುವ ಪ್ರವೃತ್ತಿ ಎಲ್ಲ ಕಡೆಯೂ ಒಂದೇ, ಏಕೆಂದರೆ ಅಂಕಿಗಳು ಇದ್ದಷ್ಟೇ ಇರುತ್ತವೆ, ಭಾಜಕ ಬೆಳೆಯುತ್ತಲೇ ಹೋಗುತ್ತದೆ. 25 ಎಂಬುದು ಬೆರಳಿನದು, ನಿಲುಗಡೆ ಗಣಿತದ್ದು.

ಅವಿಭಾಜ್ಯಗಳ ಮಾತು ಬಂತಲ್ಲ, ಅಲ್ಲಿಯೂ ಇದೇ ಕಥೆ. 73939133 ಅವಿಭಾಜ್ಯ. ಬಲದಿಂದ ಒಂದೊಂದು ಅಂಕಿ ಕತ್ತರಿಸುತ್ತ ಬನ್ನಿ: 7393913, 739391, 73939, 7393, 739, 73, 7. ಎಲ್ಲವೂ ಅವಿಭಾಜ್ಯ. ಹೀಗೆ ಕತ್ತರಿಸಿಕೊಳ್ಳುವವು 83 ಮಾತ್ರ, ಇದೇ ಎಲ್ಲಕ್ಕಿಂತ ದೊಡ್ಡದು. ಎಡದಿಂದ ಕತ್ತರಿಸುವುದಾದರೆ, ಸೊನ್ನೆ ಇಲ್ಲದವುಗಳಲ್ಲಿ ದೊಡ್ಡದು 24 ಅಂಕಿಗಳದ್ದು: 357686312646216567629137.

ತೆಂಗಿನಗರಿ (ಅರಸೀಕೆರೆ)

ಬೆರಳಿನದು ಎಂದು ಒಪ್ಪಿದಿರಲ್ಲ, ನನಗೆ ಅಷ್ಟು ಸಾಕು.

ಪುಸ್ತಕದ ಹುಳು (ಚಿಕ್ಕಮಗಳೂರು)

25 ಅಂಕಿ ನನ್ನಂಥವರಿಗೆ ಹೆಚ್ಚಾಯಿತು. ಕಾಗದ ಪೆನ್ಸಿಲಿನಲ್ಲಿ ಪೂರ್ತಿ ಬಿಡಿಸಬಹುದಾದ ಚಿಕ್ಕ ಮರಿ ಇದ್ದರೆ ಹೇಳಿ.

ಲೆಕ್ಕದ ಮೇಷ್ಟ್ರು (ಹಾಸನ)

ಇದೆ, ಮರಿ ತಾಯಿಗಿಂತ ಚೆಂದ. 1ರಿಂದ 9ರ ತನಕ ಒಂದೊಂದು ಅಂಕಿಯನ್ನು ಒಮ್ಮೆ ಮಾತ್ರ ಬಳಸಿ ಒಂಬತ್ತು ಅಂಕಿಗಳ ಬಹುಭಾಜ್ಯ ಸಂಖ್ಯೆ ರಚಿಸಬೇಕು.

ಐದನೆಯ ಸ್ಥಾನದಲ್ಲಿ 5 ಕೂರಲೇಬೇಕು, ಸೊನ್ನೆ ಇಲ್ಲವಲ್ಲ. ಎರಡು, ನಾಲ್ಕು, ಆರು, ಎಂಟನೆಯ ಸ್ಥಾನಗಳು ಸಮ ಅಂಕಿಗಳಿಗೆ. ಅವು 2, 4, 6, 8 ನಾಲ್ಕನ್ನೂ ನುಂಗುತ್ತವೆ. ಉಳಿದ ಬೆಸ ಸ್ಥಾನಗಳಿಗೆ 1, 3, 7, 9. ಮೂರನೆಯ ಅಂಕಿ ಬೆಸ, ಮೂರು ನಾಲ್ಕು ಸೇರಿ 4ರಿಂದ ಭಾಗವಾಗಬೇಕು, ಹಾಗಾದರೆ ನಾಲ್ಕನೆಯದು 2 ಅಥವಾ 6. ಅದೇ ಕಾರಣಕ್ಕೆ ಎಂಟನೆಯದೂ 2 ಅಥವಾ 6. ಎರಡನೆಯ ಮತ್ತು ಆರನೆಯ ಸ್ಥಾನಕ್ಕೆ 4 ಮತ್ತು 8 ಉಳಿದವು. ನಾಲ್ಕು, ಐದು, ಆರನೆಯ ಅಂಕಿಗಳ ಮೊತ್ತ 3ರಿಂದ ಭಾಗವಾಗಬೇಕು. ಆದ್ದರಿಂದ ಆ ಮೂರು 258 ಅಥವಾ 654, ಬೇರೆ ಇಲ್ಲ.

258 ಎಂದುಕೊಂಡರೆ ಎರಡನೆಯದು 4, ಎಂಟನೆಯದು 6. ಮೊದಲ ಮೂರರ ಮೊತ್ತ ಸರಿಹೋಗಲು 1 ಮತ್ತು 7 ಬೇಕು, 8ರ ನಿಯಮಕ್ಕೆ ಏಳನೆಯದು 9 ಆಗಬೇಕು. ಸಿಗುವವು 147258963 ಮತ್ತು 741258963. 654 ಎಂದುಕೊಂಡರೆ ಎಂಟು ಉಮೇದುವಾರರು: 183654729, 381654729, 189654327, 981654327, 189654723, 981654723, 789654321, 987654321. ಒಟ್ಟು ಹತ್ತು ಜನ. ಈಗ ಉಳಿದ ಪರೀಕ್ಷೆ 7ರದ್ದು ಮಾತ್ರ. 987654321 ನೋಡಲು ಎಷ್ಟು ಲಕ್ಷಣವಾಗಿದೆ! 9876543ನ್ನು 7ರಿಂದ ಭಾಗಿಸಿ, ಶೇಷ 5. ಹೋಯಿತು. ಒಬ್ಬೊಬ್ಬರನ್ನಾಗಿ ಕರೆದರೆ ಒಂಬತ್ತು ಮಂದಿ ಉರುಳಿ ಒಬ್ಬ ಉಳಿಯುತ್ತಾನೆ: 3816547 ಎಂದರೆ 7ರ 545221 ಪಾಲು. ಉತ್ತರ 381654729. ಕೊನೆಗೊಂದು ಸೊನ್ನೆ ಹಚ್ಚಿದರೆ ಹತ್ತೂ ಅಂಕಿಗಳ ಉತ್ತರ.

ನಾನು ಪಾಠ ಮಾಡುತ್ತಿದ್ದಾಗ 7ರ ಭಾಜ್ಯತೆಯ ನಿಯಮ ಹೇಳಿದರೆ ಮಕ್ಕಳು ಆಕಳಿಸುತ್ತಿದ್ದರು. ಈ ಹತ್ತು ಉಮೇದುವಾರರನ್ನು ಕಪ್ಪುಹಲಗೆಯ ಮೇಲೆ ನಿಲ್ಲಿಸಿದರೆ ಅದೇ ಮಕ್ಕಳು ಚುನಾವಣೆಯ ಎಣಿಕೆ ನೋಡುವವರಂತೆ ಕೂರುತ್ತಿದ್ದರು.

ಪುಸ್ತಕದ ಹುಳು (ಚಿಕ್ಕಮಗಳೂರು)

ಇದನ್ನು ಮುದ್ರಿಸಿ ಗ್ರಂಥಾಲಯದ ಮಕ್ಕಳ ವಿಭಾಗದ ಗೋಡೆಗೆ ಹಚ್ಚುತ್ತೇನೆ. ಉತ್ತರ ಬಿಟ್ಟು.

ಕಾಫಿ ಕಣ (ಮೂಡಿಗೆರೆ)

ಒಂದು ಕೊನೆಯ ಸಂಶಯ. 24 ಅಂಕಿಗಳವು ಮೂರು ಇವೆ ಎಂದಿರಿ. ಉಳಿದೆರಡು ಎಲ್ಲಿ ಎಡವಿದವು? ಅವುಗಳನ್ನು ಯಾರೂ ವಿಚಾರಿಸಲೇ ಇಲ್ಲ.

ಹೇಮಾವತಿ ದಂಡೆ (ಸಕಲೇಶಪುರ)

ಮೂರೂ ಇಲ್ಲಿವೆ:

144408645048225636603816
360852885036840078603672
402852168072900828009216

25ರಿಂದ ಭಾಗವಾಗುವುದನ್ನು ನಿರ್ಧರಿಸುವುದು ಕೊನೆಯ ಎರಡು ಅಂಕಿಗಳು ಮಾತ್ರ. 00, 25, 50, 75 ಇವುಗಳಲ್ಲಿ ಒಂದಾಗಬೇಕು. ಮೊದಲನೆಯದೂ ಮೂರನೆಯದೂ 6ರಲ್ಲಿ ಕೊನೆಗೊಳ್ಳುತ್ತವೆ, ಮುಂದೆ ಏನೇ ಹಚ್ಚಿದರೂ ಕೊನೆಯ ಎರಡು ಅರವತ್ತರಿಂದ ಅರವತ್ತೊಂಬತ್ತರ ನಡುವೆ ಬೀಳುತ್ತವೆ. 50 ದಾಟಿದೆ, 75 ಮುಟ್ಟಿಲ್ಲ. ಮಧ್ಯದ್ದು 2ರಲ್ಲಿ ಕೊನೆಗೊಳ್ಳುತ್ತದೆ, 5 ಹಚ್ಚಿದರೆ 25. ಅದಕ್ಕೆ ಅದು ಮಾತ್ರ ಮುಂದೆ ಹೋಯಿತು.